ನೋಟು ರದ್ದಾದ ಮರುದಿನ ಫಾರ್ಮಾ ಏರಿತು, ಐಟಿ ಬಿತ್ತು. ಅದಕ್ಕೆ ನೋಟೇ ಕಾರಣವಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂ.ಕಾಂ ಕೊನೆಯ ವರ್ಷ ಓದುತ್ತಿದ್ದೇನೆ. 2016ರ ನೋಟು ರದ್ದತಿಯಿಂದ ಬೇರೆ ಬೇರೆ ವಲಯದ ಷೇರುಗಳಿಗೆ ಏನಾಯಿತು ಅನ್ನುವುದು ನನ್ನ ಪ್ರಾಜೆಕ್ಟ್. ನವೆಂಬರ್ 8 ಮತ್ತು 9ರ ವಲಯವಾರು ಸೂಚ್ಯಂಕಗಳನ್ನು ಹೋಲಿಸಿದೆ. ರಿಯಲ್ ಎಸ್ಟೇಟ್ ಜೋರಾಗಿ ಬಿದ್ದಿದೆ, ಅದು ಅರ್ಥವಾಗುತ್ತದೆ. ಆದರೆ ಫಾರ್ಮಾ ಏರಿದೆ, ಐಟಿ ಬಿದ್ದಿದೆ. ಹಾಗಾದರೆ ನೋಟು ರದ್ದತಿಯಿಂದ ಫಾರ್ಮಾಗೆ ಲಾಭ, ಐಟಿಗೆ ನಷ್ಟ ಅಂತ ಬರೆಯಬಹುದಾ ಸರ್? ಇನ್ನೊಂದು ವಿಷಯ. ಜನವರಿ ಕೊನೆಗೆ ನಿಫ್ಟಿ ಸೂಚ್ಯಂಕ ಹಳೆಯ ಮಟ್ಟಕ್ಕೆ ವಾಪಸ್ ಬಂದಿದೆ. ಅಂದರೆ ಒಟ್ಟಿನಲ್ಲಿ ಏನೂ ಪರಿಣಾಮ ಆಗಲಿಲ್ಲ ಅಂತಲಾ?

ಉತ್ತರ: ಎರಡೂ ಪ್ರಶ್ನೆಗೆ ನನ್ನ ಉತ್ತರ ‘ಇಲ್ಲ’ ಅಂತಲೇ. ಹಾಗೆ ಬರೆಯಬೇಡಿ. ಆದರೆ ನೀವು ಕೇಳಿದ್ದು ತುಂಬಾ ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿ ಬಂದ ಅಂಕಿಯನ್ನು ಹಾಗೇ ಬರೆದು ಕೈತೊಳೆದುಕೊಳ್ಳದೆ, ಇದು ಯಾಕೆ ಹೀಗೆ ಅಂತ ನಿಂತು ನೋಡಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು 2016ರ ನವೆಂಬರ್ 9ರ ಬೆಳಗ್ಗೆಗೆ ಹೋಗೋಣ. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ಮಧ್ಯರಾತ್ರಿಯಿಂದ 500 ಮತ್ತು 1,000 ರೂಪಾಯಿ ನೋಟು ನಡೆಯುವುದಿಲ್ಲ ಎಂದಿದ್ದರು. ಚಲಾವಣೆಯಲ್ಲಿದ್ದ ಹಣದ ಬೆಲೆಯಲ್ಲಿ ಶೇ 86ರಷ್ಟು ಆ ಎರಡು ನೋಟುಗಳಲ್ಲೇ ಇತ್ತು. ಬೆಳಗ್ಗೆ 9.15ಕ್ಕೆ ಪೇಟೆ ತೆರೆಯುವ ಹೊತ್ತಿಗೆ ನಾನು ಸ್ಕ್ರೀನ್ ಮುಂದೆ ಕೂತಿದ್ದೆ. ಒಂದು ಕಡೆ ನಮ್ಮ ನೋಟಿನ ಸುದ್ದಿ. ಇನ್ನೊಂದು ಕಡೆ ಟಿವಿಯಲ್ಲಿ ಅಮೆರಿಕದ ಮತ ಎಣಿಕೆ. ಅಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ. ಹಿಲರಿ ಕ್ಲಿಂಟನ್ ಗೆಲ್ಲುತ್ತಾರೆ ಅಂತಲೇ ಜಗತ್ತಿನ ಪೇಟೆಗಳು ನಂಬಿಕೊಂಡಿದ್ದವು. ಫ್ಲಾರಿಡಾ ಟ್ರಂಪ್ ಕಡೆಗೆ ವಾಲುತ್ತಿತ್ತು. ಜಪಾನಿನ ಷೇರು ಸೂಚ್ಯಂಕ ನಿಕ್ಕಿ ಆ ದಿನ ಶೇ 5ಕ್ಕಿಂತ ಜಾಸ್ತಿ ಬಿತ್ತು.

ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ತೆರೆದ ಕೂಡಲೇ ಸುಮಾರು 1,700 ಅಂಶ ಕುಸಿದು 26,000ದ ಕೆಳಗೆ ಹೋಯಿತು. ಮಧ್ಯಾಹ್ನ ಟ್ರಂಪ್ ಗೆದ್ದದ್ದು ಖಚಿತವಾಯಿತು, ಅವರ ಗೆಲುವಿನ ಭಾಷಣವೂ ಸಮಾಧಾನವಾಗಿಯೇ ಇತ್ತು. ಆಮೇಲೆ ಎಲ್ಲ ಕಡೆ ಪೇಟೆಗಳು ಚೇತರಿಸಿಕೊಂಡವು. ನಮ್ಮದೂ ಏರಿತು. ಸಂಜೆ ಸೆನ್ಸೆಕ್ಸ್ 27,252ಕ್ಕೆ ಮುಗಿಯಿತು, ನಷ್ಟ ಸುಮಾರು 339 ಅಂಶ. ನಿಫ್ಟಿ 8,543ರಿಂದ 8,432ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ ಶೇ 1.3 ಅಷ್ಟೇ.

ಈಗ ನಿಮ್ಮ ಫಾರ್ಮಾ ನೋಡಿ. ನಮ್ಮ ದೊಡ್ಡ ಔಷಧ ಕಂಪನಿಗಳಿಗೆ ಅಮೆರಿಕ ಬಹಳ ದೊಡ್ಡ ಗ್ರಾಹಕ. ಕ್ಲಿಂಟನ್ ತಮ್ಮ ಪ್ರಚಾರದಲ್ಲಿ ಔಷಧಿ ಬೆಲೆಗೆ ಕಡಿವಾಣ ಹಾಕುವ ಮಾತಾಡಿದ್ದರು. ಅವರು ಸೋತದ್ದರಿಂದ ಆ ಭಯ ಹೋಯಿತು. ಷೇರು ಏರಿತು. ಐಟಿ ಕಂಪನಿಗಳದ್ದು ಇದರ ತಿರುಗುಮುರುಗು. ಟ್ರಂಪ್ ಬಂದರೆ ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾ ಬಿಗಿಯಾಗುತ್ತದೆ ಅನ್ನುವ ಭಯ. ಬೆಂಗಳೂರಿನ ಇನ್ಫೋಸಿಸ್ ಆಗಲಿ, ಮುಂಬೈನ ಟಿಸಿಎಸ್ ಆಗಲಿ, ಡಾಲರ್‌ನಲ್ಲಿ ಬಿಲ್ ಮಾಡುವ ಕಂಪನಿಗಳು. ಅವರ ಗ್ರಾಹಕರು ಯಾರೂ 500ರ ನೋಟು ಎಣಿಸಿ ಕೊಡುವವರಲ್ಲ. ಲೋಹದ ಕಂಪನಿಗಳೂ ಆ ದಿನಗಳಲ್ಲಿ ಏರಿದವು. ಟ್ರಂಪ್ ರಸ್ತೆ, ಸೇತುವೆ ಕಟ್ಟಿಸುತ್ತಾರೆ, ಲೋಹಕ್ಕೆ ಬೇಡಿಕೆ ಬರುತ್ತದೆ ಅನ್ನುವ ಲೆಕ್ಕ ಅದು.

ಅಂದರೆ ನಿಮ್ಮ ಕೋಷ್ಟಕದಲ್ಲಿ ಒಂದೇ ದಿನದೊಳಗೆ ಎರಡು ಘಟನೆಗಳು ಕಲಸಿಕೊಂಡಿವೆ. ಇದನ್ನು ಬಿಡಿಸದೆ ವಲಯಗಳ ಬಗ್ಗೆ ಏನೇ ಬರೆದರೂ ಅದು ತಪ್ಪಾಗುವ ಸಾಧ್ಯತೆ ಜಾಸ್ತಿ.

ಬಿಡಿಸುವುದು ಹೇಗೆ? ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಕಂಪನಿಯ ಸರಕು ಗ್ರಾಹಕನ ಕೈ ಸೇರುವ ದಾರಿಯಲ್ಲಿ ನೋಟು ಎಲ್ಲಿ ಕೂತಿದೆ? ಕೊಳ್ಳುವವನ ಜೇಬಿನಲ್ಲಾ, ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಾ, ಹೋಲ್‌ಸೇಲ್‌ನವನ ಹತ್ತಿರವಾ, ಕೂಲಿ ಕೊಡುವಲ್ಲಾ? ವಲಯದ ಹೆಸರಿಗಿಂತ ಈ ಪ್ರಶ್ನೆಯ ಉತ್ತರವೇ ಷೇರಿನ ಏರಿಳಿತವನ್ನು ಚೆನ್ನಾಗಿ ಹೇಳುತ್ತದೆ.

ವಾಹನಗಳನ್ನೇ ತೆಗೆದುಕೊಳ್ಳಿ. ಸೂಚ್ಯಂಕದಲ್ಲಿ ಆಟೋ ಅಂತ ಒಂದೇ ವಲಯ. ಆದರೆ ಕಾರು ಕೊಳ್ಳುವವರಲ್ಲಿ ಬಹಳ ಮಂದಿ ಸಾಲ ಮಾಡಿಯೇ ಕೊಳ್ಳುತ್ತಾರೆ. ಡೌನ್ ಪೇಮೆಂಟ್‌ಗೆ ಚೆಕ್ ಕೊಡುತ್ತಾರೆ, ತಿಂಗಳ ಕಂತು ಸಂಬಳದ ಖಾತೆಯಿಂದ ಹೋಗುತ್ತದೆ. ಹಳ್ಳಿಯಲ್ಲಿ ಬೈಕ್ ಕೊಳ್ಳುವುದು ಬೇರೆ ಥರ. ಭತ್ತವೋ ಮೆಕ್ಕೆಜೋಳವೋ ಮಾರಿ ಬಂದ ದುಡ್ಡನ್ನು ಟವೆಲ್‌ನಲ್ಲಿ ಸುತ್ತಿಕೊಂಡು ತಾಲೂಕು ಕೇಂದ್ರದ ಶೋರೂಮಿಗೆ ಬರುತ್ತಾರೆ. ನವೆಂಬರ್, ಡಿಸೆಂಬರ್ ಅಂದರೆ ಮುಂಗಾರಿನ ಫಸಲು ಮಾರಿ ಕೈಗೆ ಕಾಸು ಬರುವ ಕಾಲ. ಆ ವರ್ಷ ಮಂಡಿಯಲ್ಲಿ ಕೊಡುವುದಕ್ಕೇ ಕಾಸಿರಲಿಲ್ಲ. ವಾಹನ ತಯಾರಕರ ಸಂಘದ ಅಂಕಿಯ ಪ್ರಕಾರ 2016ರ ಡಿಸೆಂಬರ್‌ನಲ್ಲಿ ದ್ವಿಚಕ್ರ ವಾಹನಗಳ ಮಾರಾಟ ಶೇ 22ರಷ್ಟು ಬಿತ್ತು. ಕಾರು, ಜೀಪು, ವ್ಯಾನು ಎಲ್ಲ ಸೇರಿದ ಪ್ರಯಾಣಿಕ ವಾಹನಗಳು ಬಿದ್ದದ್ದು ಶೇ 1.4ರ ಆಸುಪಾಸು. ಒಂದೇ ವಲಯ, ಒಂದೇ ತಿಂಗಳು, ಇಷ್ಟು ವ್ಯತ್ಯಾಸ. ಆಟೋ ಸೂಚ್ಯಂಕದ ಸರಾಸರಿ ತೆಗೆದರೆ ಈ ವ್ಯತ್ಯಾಸ ಪೂರ್ತಿ ಮುಚ್ಚಿಹೋಗುತ್ತದೆ. ಅದಕ್ಕೇ ನೀವು ಸೂಚ್ಯಂಕ ಬಿಟ್ಟು ಕಂಪನಿಗಳ ಮಟ್ಟಕ್ಕೆ ಇಳಿಯಬೇಕು ಅನ್ನುತ್ತೇನೆ.

ಇನ್ನು ಸೋಪು, ಎಣ್ಣೆ, ಬಿಸ್ಕತ್ತು. ಇಲ್ಲಿ ಅನೇಕರು ಎಡವುತ್ತಾರೆ. ಜನ ಸೋಪು ಹಾಕಿಕೊಳ್ಳುವುದನ್ನು ಬಿಡುವುದಿಲ್ಲವಲ್ಲ, ಹಾಗಾಗಿ ದಿನಬಳಕೆ ಸರಕಿನ ಕಂಪನಿಗಳಿಗೆ, ಅಂದರೆ ಎಫ್‌ಎಂಸಿಜಿಗೆ ಏನೂ ಆಗುವುದಿಲ್ಲ ಅಂತ ಆಗಲೂ ಹೇಳುತ್ತಿದ್ದರು. ನನ್ನ ಸೋದರಮಾವನದ್ದು ನಂಜನಗೂಡಿನಲ್ಲಿ ಒಂದು ಕಿರಾಣಿ ಅಂಗಡಿ. ವಾರಕ್ಕೊಮ್ಮೆ ಮೈಸೂರಿನ ಸಂತೇಪೇಟೆಗೆ ಬಂದು ನಗದು ಕೊಟ್ಟು ಸಾಮಾನು ತುಂಬಿಸಿಕೊಂಡು ಹೋಗುತ್ತಿದ್ದರು. ಆ ನವೆಂಬರ್ ಎರಡನೇ ವಾರ ಅವರ ಅಂಗಡಿಗೆ ಹೋಗಿದ್ದೆ. ಗಿರಾಕಿಗಳು ಬರುತ್ತಲೇ ಇದ್ದರು. ಆದರೆ ಕೈಯಲ್ಲಿ ಹಳೆಯ ಐನೂರು, ಇಲ್ಲವೇ ಬ್ಯಾಂಕಿನ ಸಾಲಿನಲ್ಲಿ ನಿಂತು ತಂದ ಹೊಸ ಎರಡು ಸಾವಿರ. ಅರವತ್ತು ರೂಪಾಯಿ ಸಾಮಾನಿಗೆ ಎರಡು ಸಾವಿರಕ್ಕೆ ಚಿಲ್ಲರೆ ಎಲ್ಲಿಂದ ತರುವುದು? ಮಾವ ಎಲ್ಲರದ್ದನ್ನೂ ಸಾಲದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಎರಡು ವಾರದಲ್ಲಿ ಪುಸ್ತಕ ತುಂಬಿತು, ಗಲ್ಲಾಪೆಟ್ಟಿಗೆ ಖಾಲಿ. ಸಂತೇಪೇಟೆಗೆ ಕೊಡಲು ನಗದಿಲ್ಲ. ಹಾಗಾಗಿ ಅವರು ಎರಡು ವಾರ ಸಾಮಾನೇ ತರಲಿಲ್ಲ. ಇದ್ದದ್ದನ್ನೇ ಮಾರಿದರು. ಶಾಂಪೂ ಸ್ಯಾಶೆಯ ಮಾಲೆಗಳು ಒಂದೊಂದಾಗಿ ಖಾಲಿಯಾದವು. ಹೊಸ ಮಾಲೆ ತೂಗುಹಾಕಲಿಲ್ಲ.

ಇಂಥ ಲಕ್ಷಾಂತರ ಅಂಗಡಿಗಳು ಒಟ್ಟಿಗೆ ಹೀಗೆ ಮಾಡಿದರೆ ಏನಾಗುತ್ತದೆ? ಸೋಪು ಬಳಸುವವರು ಬಳಸುತ್ತಲೇ ಇರುತ್ತಾರೆ. ಆದರೆ ಕಾರ್ಖಾನೆಯಿಂದ ಹೊರಡುವ ಸರಕು ಕಡಿಮೆಯಾಗುತ್ತದೆ. ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದಲ್ಲಿ ಹಿಂದೂಸ್ತಾನ್ ಯೂನಿಲಿವರ್ ಮಾರಾಟದ ಪ್ರಮಾಣ ಶೇ 4ರಷ್ಟು ಇಳಿಯಿತು. ಅಷ್ಟು ಗಟ್ಟಿ ಕಂಪನಿಗೆ ಅದು ಸಣ್ಣ ವಿಷಯವಲ್ಲ. ಆದರೆ ಇದು ಬೇಡಿಕೆ ಸತ್ತದ್ದಲ್ಲ, ದಾರಿಯಲ್ಲಿ ಕಟ್ಟಿಕೊಂಡದ್ದು. ನೋಟು ಬಂದ ಮೇಲೆ ಅಂಗಡಿಗಳು ಮತ್ತೆ ತುಂಬಿಸಿಕೊಂಡವು. ಷೇರುಪೇಟೆ ಈ ವ್ಯತ್ಯಾಸವನ್ನು ಬೇಗ ಗುರುತಿಸಿತು. ಬೈಕ್ ಇರಲಿ, ಸೋಪು ಇರಲಿ, ಇವತ್ತು ಕೊಳ್ಳದವನು ನಾಳೆ ಕೊಳ್ಳುತ್ತಾನೆ ಅನ್ನುವ ನಂಬಿಕೆ ಇರುವ ಕಡೆ ಷೇರು ಬೇಗ ಎದ್ದಿತು.

ಆ ನಂಬಿಕೆ ಅಲುಗಾಡಿದ್ದು ಕಿರುಸಾಲ ಕಂಪನಿಗಳಲ್ಲಿ. ನನ್ನ ಲೆಕ್ಕದಲ್ಲಿ ನಿಮ್ಮ ಪ್ರಾಜೆಕ್ಟಿನ ಅತ್ಯಂತ ಗಟ್ಟಿ ಉದಾಹರಣೆ ಇದು. ಸ್ವಸಹಾಯ ಗುಂಪಿನ ಥರ ಹೆಂಗಸರು ವಾರಕ್ಕೋ ಹದಿನೈದು ದಿನಕ್ಕೋ ಒಂದು ಮನೆಯ ಜಗಲಿಯಲ್ಲಿ ಸೇರುತ್ತಾರೆ. ಕಂಪನಿಯ ಹುಡುಗ ಬೈಕಿನಲ್ಲಿ ಬಂದು ಕಂತನ್ನು ನಗದಾಗಿ ವಸೂಲಿ ಮಾಡುತ್ತಾನೆ. ಆಗ ಸಾಲ ಕೊಡುತ್ತಿದ್ದದ್ದೂ ಬಹುಪಾಲು ನಗದು, ಕಟ್ಟುತ್ತಿದ್ದದ್ದೂ ನಗದು. ಹಳೆಯ ನೋಟು ತೆಗೆದುಕೊಳ್ಳುವಂತಿಲ್ಲ, ಹೊಸದು ಯಾರ ಹತ್ತಿರವೂ ಇಲ್ಲ. ವಸೂಲಿ ನಿಂತುಹೋಯಿತು. ಸಾಲ ವಸೂಲಾಗದಿದ್ದರೂ ತಕ್ಷಣ ಕೆಟ್ಟ ಸಾಲ ಅಂತ ಬರೆಯಬೇಕಿಲ್ಲ ಎಂದು ರಿಸರ್ವ್ ಬ್ಯಾಂಕ್ ಸಣ್ಣ ಸಾಲಗಳಿಗೆ 60 ದಿನ ಹೆಚ್ಚುವರಿ ಸಮಯ ಕೊಡಬೇಕಾಯಿತು. ಇಲ್ಲಿ ಅಪಾಯ ಇನ್ನೂ ಆಳದಲ್ಲಿತ್ತು. ಗುಂಪು ಸಾಲ ನಿಂತಿರುವುದೇ ವಾರ ತಪ್ಪದೆ ಕಟ್ಟುವ ಅಭ್ಯಾಸದ ಮೇಲೆ. ನಾಲ್ಕು ವಾರ ತಪ್ಪಿದರೆ ಆ ಅಭ್ಯಾಸ ಮುರಿಯುತ್ತದೆ. ಉತ್ತರ ಪ್ರದೇಶದಲ್ಲಿ, ಮಹಾರಾಷ್ಟ್ರದ ವಿದರ್ಭದಲ್ಲಿ ಸಾಲ ಮನ್ನಾ ಆಗುತ್ತದೆ ಅನ್ನುವ ಸುದ್ದಿಯೂ ಹಬ್ಬಿ, ವಸೂಲಿ ತಿಂಗಳುಗಟ್ಟಲೆ ಸರಿಹೋಗಲಿಲ್ಲ. ಭಾರತ್ ಫೈನಾನ್ಷಿಯಲ್, ಈಕ್ವಿಟಾಸ್, ನಮ್ಮ ಬೆಂಗಳೂರಿನ ಉಜ್ಜೀವನ್ ಷೇರುಗಳೆಲ್ಲ ಹೊಡೆತ ತಿಂದವು. ಈಕ್ವಿಟಾಸ್ ಮತ್ತು ಉಜ್ಜೀವನ್ ಪೇಟೆಗೆ ಬಂದದ್ದೇ ಆ ವರ್ಷ. ಹಾಗಾಗಿ ಅವುಗಳ ಹಳೆಯ ಬೆಲೆಗಳ ದತ್ತಾಂಶ ಕೆಲವೇ ತಿಂಗಳದ್ದು ಸಿಗುತ್ತದೆ. ಲೆಕ್ಕ ಮಾಡುವಾಗ ಇದು ನೆನಪಿರಲಿ.

ಈಗ ಬ್ಯಾಂಕುಗಳು. ಎಲ್ಲರೂ ನಗದಿಲ್ಲದೆ ಒದ್ದಾಡುತ್ತಿದ್ದಾಗ ಸರ್ಕಾರಿ ಬ್ಯಾಂಕುಗಳ ಷೇರು ನವೆಂಬರ್ 9 ಮತ್ತು 10ರಂದು ಏರಿದವು. ಕಾರಣ ಸರಳ. ಜನರ ಮನೆಯಲ್ಲಿದ್ದ ನೋಟೆಲ್ಲ ಬ್ಯಾಂಕಿಗೆ ಬರುತ್ತದೆ. ಕಡಿಮೆ ಬಡ್ಡಿಯ ಠೇವಣಿ ರಾಶಿ ಬೀಳುತ್ತದೆ. ಆ ದುಡ್ಡು ಸರ್ಕಾರಿ ಸಾಲಪತ್ರಗಳಿಗೆ ಹೋಗುತ್ತದೆ. ಹತ್ತು ವರ್ಷದ ಸಾಲಪತ್ರದ ಬಡ್ಡಿ ಪ್ರತಿಫಲ ಶೇ 6.8ರಿಂದ ಮೂರೇ ವಾರದಲ್ಲಿ ಶೇ 6.2ರ ಆಸುಪಾಸಿಗೆ ಇಳಿಯಿತು. ಪ್ರತಿಫಲ ಇಳಿದರೆ ಸಾಲಪತ್ರದ ಬೆಲೆ ಏರುತ್ತದೆ, ಅಲ್ವಾ? ಸರ್ಕಾರಿ ಬ್ಯಾಂಕುಗಳ ಹತ್ತಿರ ಇಂಥ ಪತ್ರಗಳ ಗಂಟೇ ಇತ್ತು.

ಆದರೆ ನವೆಂಬರ್ 26ರ ಶನಿವಾರ ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತು. ಸೆಪ್ಟೆಂಬರ್ 16ರಿಂದ ನವೆಂಬರ್ 11ರವರೆಗೆ ಹೆಚ್ಚಾದ ಠೇವಣಿಯಷ್ಟೂ ಹಣವನ್ನು, ಅಂದರೆ ನೂರಕ್ಕೆ ನೂರು, ಬಡ್ಡಿಯಿಲ್ಲದೆ ತನ್ನಲ್ಲಿ ಇಡಬೇಕು ಅಂತ. ಠೇವಣಿದಾರನಿಗೆ ಬಡ್ಡಿ ಕೊಡಬೇಕು, ಆ ಹಣದಿಂದ ಒಂದು ರೂಪಾಯಿಯೂ ಬರುವುದಿಲ್ಲ. ಮೊನ್ನೆ ವರವಾಗಿದ್ದ ಠೇವಣಿ ಇದ್ದಕ್ಕಿದ್ದಂತೆ ಹೊರೆಯಾಯಿತು. ಡಿಸೆಂಬರ್ 7ರಂದು ಬಡ್ಡಿದರ ಇಳಿಯುತ್ತದೆ ಅಂತ ಪೇಟೆ ಕಾದಿತ್ತು. ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ 6.25ರಲ್ಲೇ ಉಳಿಯಿತು. ಡಿಸೆಂಬರ್ 10ರಿಂದ ಆ ಹೆಚ್ಚುವರಿ ಮೀಸಲಿನ ಆದೇಶ ವಾಪಸ್ ಆಯಿತು. ಜನವರಿ 1ಕ್ಕೆ ಸ್ಟೇಟ್ ಬ್ಯಾಂಕ್ ತನ್ನ ಸಾಲದ ಮೂಲದರವನ್ನು ಒಮ್ಮೆಗೇ ಶೇ 0.9ರಷ್ಟು ಇಳಿಸಿ ಒಂದು ವರ್ಷದ ದರವನ್ನು ಶೇ 8ಕ್ಕೆ ತಂದಿತು. ಬ್ಯಾಂಕ್ ಷೇರಿನ ಎರಡು ತಿಂಗಳ ಗಳಿಕೆಯನ್ನು ಒಂದೇ ಅಂಕಿಯಲ್ಲಿ ಹೇಳಿದರೆ ಈ ಏಳುಬೀಳು ಯಾವುದೂ ಕಾಣುವುದಿಲ್ಲ. ದಿನ ದಿನದ ಗೆರೆ ಎಳೆದು, ಈ ತಾರೀಖುಗಳನ್ನು ಅದರ ಮೇಲೆ ಗುರುತು ಮಾಡಿ. ನಿಮ್ಮ ಪ್ರಾಜೆಕ್ಟಿನ ಅತಿ ಚೆಂದದ ಚಿತ್ರ ಅದೇ ಆಗುತ್ತದೆ.

ರಿಯಲ್ ಎಸ್ಟೇಟ್ ಬಗ್ಗೆ ನಿಮಗೆ ಆಗಲೇ ಅರ್ಥವಾಗಿದೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ನಮ್ಮ ಕಡೆ ಸೈಟು, ಜಮೀನಿನ ವ್ಯವಹಾರದಲ್ಲಿ ನಗದು ಓಡಾಡುವುದು ಎಲ್ಲರಿಗೂ ಗೊತ್ತು. ಆದರೆ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಯಿಂದ ಮನೆ ಕೊಳ್ಳುವ ಸಾಫ್ಟ್‌ವೇರ್ ಉದ್ಯೋಗಿ ಗೃಹಸಾಲದಲ್ಲಿ ಕೊಳ್ಳುತ್ತಾನೆ. ಮೊದಲ ದಿನ ಪೇಟೆ ಈ ಎರಡನ್ನೂ ಒಂದೇ ಕೋಲಿನಲ್ಲಿ ಹೊಡೆಯಿತು. 2017ರಲ್ಲಿ ನಿಫ್ಟಿ ರಿಯಲ್ಟಿ ಸೂಚ್ಯಂಕ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಬಡ್ಡಿ ಇಳಿದದ್ದು, ಆ ವರ್ಷ ಮೇ 1ರಿಂದ ಮನೆ ಕೊಳ್ಳುವವರ ರಕ್ಷಣೆಗೆ ಬಂದ ರೇರಾ ಕಾಯ್ದೆ ಪೂರ್ತಿ ಜಾರಿಯಾದದ್ದು, ಸಣ್ಣ ಬಿಲ್ಡರ್‌ಗಳು ಹಿಂದೆ ಬಿದ್ದದ್ದು, ಇವೆಲ್ಲ ಅದರ ಹಿಂದಿವೆ.

ಚಿನ್ನದ ಕಥೆಯೂ ಹಾಗೇ. ನವೆಂಬರ್ 8ರ ರಾತ್ರಿ ಆಭರಣದ ಅಂಗಡಿಗಳಲ್ಲಿ ಜನಜಾತ್ರೆ, ಆಮೇಲಿನ ವಾರಗಳಲ್ಲಿ ಖಾಲಿ. ಆಭರಣ ಮಾರುವ ಟೈಟನ್ ಕಂಪನಿಯ ಷೇರು ಮೊದಲು ಬಿತ್ತು. 2017ರ ಕೊನೆಗೆ ಅದು ನೋಟು ರದ್ದತಿಯ ಹಿಂದಿನ ಬೆಲೆಯ ಎರಡು ಪಟ್ಟು ದಾಟಿತ್ತು. ಸಿಮೆಂಟ್, ಪೇಂಟ್ ವಿಷಯದಲ್ಲಿ ಕೂಲಿಯ ನಗದೇ ಮುಖ್ಯ. ಶನಿವಾರ ಬಟವಾಡೆ ಕೊಡಲು ಆಗದಿದ್ದರೆ ಗಾರೆ ಕೆಲಸದವನು ಸೋಮವಾರ ಬರುವುದಿಲ್ಲ, ಮನೆ ಕೆಲಸ ನಿಲ್ಲುತ್ತದೆ.

ಈಗ ಲೆಕ್ಕದ ಕಡೆ ಬರೋಣ. ನಿಮ್ಮ ಗೈಡ್ ಈವೆಂಟ್ ಸ್ಟಡಿ, ಅಂದರೆ ಒಂದು ಘಟನೆಯಿಂದ ಷೇರಿಗೆ ಎಷ್ಟು ಪರಿಣಾಮ ಆಯಿತು ಅನ್ನುವ ಲೆಕ್ಕ, ಮಾಡಿ ಅಂತ ಹೇಳಿಯೇ ಇರುತ್ತಾರೆ. ಘಟನೆಗೆ ಮೊದಲಿನ ನೂರಿಪ್ಪತ್ತು ವಹಿವಾಟು ದಿನಗಳನ್ನು ತೆಗೆದುಕೊಂಡು, ನಿಫ್ಟಿ ಶೇ 1 ಅಲುಗಿದರೆ ಈ ಷೇರು ಎಷ್ಟು ಅಲುಗುತ್ತದೆ ಅಂತ ಕಂಡುಕೊಳ್ಳುತ್ತೀರಿ. ಅದೇ ಬೀಟಾ. ಸುಮ್ನೆ ಉದಾಹರಣೆಗೆ, ಒಂದು ಬಿಲ್ಡರ್ ಕಂಪನಿಯ ಬೀಟಾ 1.6 ಅಂತಿಟ್ಟುಕೊಳ್ಳಿ. ನವೆಂಬರ್ 9ರಂದು ನಿಫ್ಟಿ ಶೇ 1.3 ಬಿದ್ದಿದೆ. ಹಾಗಾಗಿ ಈ ಷೇರು ಶೇ 2.1ರಷ್ಟು ಬೀಳುವುದು ಸಹಜವೇ. ನಿಜಕ್ಕೂ ಬಿದ್ದದ್ದು ಶೇ 8 ಆದರೆ ಉಳಿದ ಶೇ 5.9 ಅಸಹಜ ನಷ್ಟ. ಅದನ್ನು ಘಟನೆಯ ತಲೆಗೆ ಕಟ್ಟುತ್ತೇವೆ.

ಇದರಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಸಾಮಾನ್ಯವಾಗಿ ಈವೆಂಟ್ ಸ್ಟಡಿ ಮಾಡುವುದು ಒಂದು ಕಂಪನಿಯ ಬೋನಸ್ ಷೇರಿಗೋ ವಿಲೀನಕ್ಕೋ. ಅಲ್ಲಿ ಘಟನೆ ಒಂದು ಕಂಪನಿಯದ್ದು, ನಿಫ್ಟಿ ತನ್ನ ಪಾಡಿಗೆ ತಾನಿರುತ್ತದೆ. ನೋಟು ರದ್ದತಿ ಹಾಗಲ್ಲ. ಅದು ನಿಫ್ಟಿಯನ್ನೇ ಅಲುಗಾಡಿಸಿದೆ. ನೀವು ನಿಫ್ಟಿಯ ಬೀಳುವಿಕೆಯನ್ನು ಸಹಜ ಅಂತ ಕಳೆದಾಗ ನೋಟು ರದ್ದತಿಯ ಒಂದು ಭಾಗವನ್ನೂ ಕಳೆದುಬಿಡುತ್ತೀರಿ. ಕೊನೆಗೆ ಉಳಿಯುವುದು, ಬೇರೆಯವರಿಗಿಂತ ಇವನಿಗೆ ಹೆಚ್ಚೋ ಕಡಿಮೆಯೋ ಅನ್ನುವ ಲೆಕ್ಕ ಮಾತ್ರ. ಒಂದು ವಲಯಕ್ಕೆ ಶೇ 2 ಅಸಹಜ ಲಾಭ ಬಂತು ಅಂದರೆ ಅದಕ್ಕೆ ಒಳ್ಳೆಯದಾಯಿತು ಅಂತ ಅರ್ಥವಲ್ಲ. ಬೇರೆಯವರಷ್ಟು ಕೆಟ್ಟದಾಗಲಿಲ್ಲ ಅಂತಲೂ ಇರಬಹುದು. ನಿಮ್ಮ ಬರಹದಲ್ಲಿ ಈ ಮಾತು ಸ್ಪಷ್ಟವಾಗಿ ಬರಲಿ.

ಇನ್ನೊಂದು ತೊಂದರೆ ಟ್ರಂಪ್‌ದು. ಅದಕ್ಕೆ ನನಗೆ ಗೊತ್ತಿರುವ ಅತಿ ಸರಳ ಉಪಾಯ ವಲಯದ ಒಳಗೇ ಹೋಲಿಸುವುದು. ಬೈಕ್ ಕಂಪನಿಯನ್ನು ಕಾರು ಕಂಪನಿಯ ಪಕ್ಕ ಇಡಿ. ಕಿರುಸಾಲ ಕಂಪನಿಯನ್ನು ಗೃಹಸಾಲ ಕಂಪನಿಯ ಪಕ್ಕ ಇಡಿ. ಟ್ರಂಪ್ ಗೆದ್ದದ್ದರಿಂದ ಉಜ್ಜೀವನ್‌ಗೆ ಒಂದು ಥರ, ಗೃಹಸಾಲ ಕಂಪನಿಗೆ ಇನ್ನೊಂದು ಥರ ಆಗಲು ಕಾರಣವಿಲ್ಲ. ಇಬ್ಬರ ನಡುವಿನ ವ್ಯತ್ಯಾಸ ತೆಗೆದಾಗ ಟ್ರಂಪ್ ಬಹುಮಟ್ಟಿಗೆ ಹೊರಗೆ ಹೋಗುತ್ತಾರೆ, ನಗದು ಉಳಿಯುತ್ತದೆ. ಐಟಿ ಮತ್ತು ರಫ್ತು ಮಾಡುವ ಫಾರ್ಮಾವನ್ನು ಬೇಕಿದ್ದರೆ ಬೇರೆಯಾಗಿ ಇಡಿ. ಅವು ನಗದಿನಿಂದ ದೂರ ಇರುವ ವಲಯಗಳು. ಅವುಗಳ ಏರಿಳಿತ ಟ್ರಂಪ್ ಪರಿಣಾಮ ಎಷ್ಟಿತ್ತು ಅನ್ನುವುದನ್ನು ತೋರಿಸುವ ಕನ್ನಡಿಯಾಗುತ್ತದೆ.

ಎಷ್ಟು ದಿನ ನೋಡಬೇಕು ಅನ್ನುವುದೂ ಮುಖ್ಯ. ಒಂದು ದಿನ ಸಾಲದು. ಯಾಕೆಂದರೆ ಸುದ್ದಿ ಒಂದೇ ದಿನ ಬರಲಿಲ್ಲ. ಎಟಿಎಂಗಳನ್ನು ಹೊಸ ನೋಟಿನ ಅಳತೆಗೆ ಹೊಂದಿಸಬೇಕಿತ್ತು. ನೋಟು ಬದಲಾಯಿಸುವ ಮಿತಿ 4,000 ಇದ್ದದ್ದು 4,500 ಆಯಿತು, ಆಮೇಲೆ 2,000ಕ್ಕೆ ಇಳಿಯಿತು, ನವೆಂಬರ್ 24ರ ನಂತರ ಬದಲಾವಣೆಯೇ ನಿಂತಿತು. ಒಬ್ಬರೇ ಪದೇ ಪದೇ ಬರುತ್ತಾರೆ ಅಂತ ಬೆರಳಿಗೆ ಶಾಯಿ ಹಾಕುವ ತೀರ್ಮಾನವಾಯಿತು. ಆ ಶಾಯಿ ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದ್ದು. ಹೊಸ 2,000ದ ನೋಟು ಮೈಸೂರಿನ ಮುದ್ರಣಾಲಯದಲ್ಲೂ ಅಚ್ಚಾಯಿತು. ಎಷ್ಟು ಬೇಗ ನೋಟು ಅಚ್ಚಾಗಿ ಊರೂರು ಸೇರುತ್ತದೆ ಅನ್ನುವುದರ ಮೇಲೆ ಕಂಪನಿಗಳ ತ್ರೈಮಾಸಿಕ ಲಾಭ ನಿಂತಿತ್ತು. ಅದು ಯಾರಿಗೂ ಮೊದಲ ದಿನ ತಿಳಿದಿರಲಿಲ್ಲ. ನವೆಂಬರ್ ಆರಂಭದಲ್ಲಿ ಸುಮಾರು 18 ಲಕ್ಷ ಕೋಟಿ ಇದ್ದ ಚಲಾವಣೆಯ ಹಣ ಜನವರಿ ಮೊದಲ ವಾರಕ್ಕೆ ಸುಮಾರು 9 ಲಕ್ಷ ಕೋಟಿಗೆ ಇಳಿದಿತ್ತು.

ಅದಕ್ಕೇ ನಿಫ್ಟಿಯ ತಳ ನವೆಂಬರ್ 9ರಂದು ಬರಲಿಲ್ಲ. ಡಿಸೆಂಬರ್ 26ರಂದು 7,908ಕ್ಕೆ ಮುಗಿದಾಗ ಬಂತು. ಆದರೆ ಇಷ್ಟು ಉದ್ದದ ಅವಧಿಯಲ್ಲಿ ಬೇರೆ ಗಾಳಿಯೂ ಬೀಸುತ್ತದೆ. ಅಮೆರಿಕದಲ್ಲಿ ಬಡ್ಡಿ ಏರುತ್ತದೆ ಅಂತ ವಿದೇಶಿ ಹೂಡಿಕೆದಾರರು ನವೆಂಬರ್ ಒಂದೇ ತಿಂಗಳು ನಮ್ಮ ಷೇರುಗಳಿಂದ 18 ಸಾವಿರ ಕೋಟಿಗೂ ಹೆಚ್ಚು ಹಣ ತೆಗೆದರು. ನವೆಂಬರ್ 24ರಂದು ಡಾಲರ್ 68 ರೂಪಾಯಿ 86 ಪೈಸೆ ಮುಟ್ಟಿತು. ಡಿಸೆಂಬರ್ 14ರಂದು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿ ಏರಿಸಿಯೂಬಿಟ್ಟಿತು. ನಿಮ್ಮ ಅವಧಿಯನ್ನು ಮಾರ್ಚ್ ಆಚೆಗೆ ಎಳೆಯಲೇಬೇಡಿ. ಮಾರ್ಚ್ ಕೊನೆಗೆ ಹಳೆಯ ಹೊಗೆ ಮಾನದಂಡದ ಬಿಎಸ್-3 ವಾಹನಗಳ ಮಾರಾಟಕ್ಕೆ ಸುಪ್ರೀಂ ಕೋರ್ಟ್ ತಡೆ, ಜುಲೈ 1ಕ್ಕೆ ಜಿಎಸ್‌ಟಿ. ಅಲ್ಲಿಗೆ ಯಾವ ನೀರು ಯಾವ ಹೊಳೆಯದ್ದು ಅಂತ ಹೇಳಲು ಆಗುವುದಿಲ್ಲ. ನಾನಾಗಿದ್ದರೆ ನವೆಂಬರ್ 9 ಒಂದು, ನವೆಂಬರ್ 25ರವರೆಗೆ ಒಂದು, ಡಿಸೆಂಬರ್ 30ರವರೆಗೆ ಒಂದು, ಹೀಗೆ ಮೂರು ಕಿಟಕಿ, ಅಂದರೆ ಮೂರು ಅವಧಿ, ಇಟ್ಟುಕೊಳ್ಳುತ್ತಿದ್ದೆ.

ಹೋಲಿಕೆಗೆ ಇನ್ನೊಂದು ತಾರೀಖು ಕೊಡುತ್ತೇನೆ. 2023ರ ಮೇ 19, ಶುಕ್ರವಾರ ಸಂಜೆ. ರಿಸರ್ವ್ ಬ್ಯಾಂಕ್ 2,000ದ ನೋಟನ್ನು ಚಲಾವಣೆಯಿಂದ ವಾಪಸ್ ಪಡೆಯುವುದಾಗಿ ಹೇಳಿತು. ಸೋಮವಾರ ಸೆನ್ಸೆಕ್ಸ್ ಏರಿಯೇ ಮುಗಿಯಿತು. ಯಾಕೆ? ಆ ನೋಟು ಒಟ್ಟು ಚಲಾವಣೆಯ ಬೆಲೆಯಲ್ಲಿ ಶೇ 11ರಷ್ಟು ಮಾತ್ರ. ಕಾನೂನಿನ ಪ್ರಕಾರ ಅದು ನಡೆಯುತ್ತಲೇ ಇತ್ತು, ಬದಲಾಯಿಸಲು ನಾಲ್ಕು ತಿಂಗಳಿಗೂ ಜಾಸ್ತಿ ಸಮಯವಿತ್ತು. ದಿನಸಿ ಅಂಗಡಿಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. 1978ರ ಜನವರಿಯಲ್ಲಿ 1,000, 5,000, 10,000ದ ನೋಟು ರದ್ದಾದಾಗಲೂ ಸಾಮಾನ್ಯ ಜನರಿಗೆ ಬಿಸಿ ತಟ್ಟಲಿಲ್ಲ. ಆಗ ಆ ನೋಟು ನೋಡಿದವರೇ ಕಡಿಮೆ. ಅದೇ ಲೆಕ್ಕವನ್ನು 2023ಕ್ಕೂ ಮಾಡಿ 2016ರ ಪಕ್ಕ ಇಡಿ. ನಗದಿನ ಮೇಲೆ ನಿಂತ ಕಂಪನಿಗಳಲ್ಲಿ 2016ರಲ್ಲಿ ಕಂಡ ಹೊಡೆತ 2023ರಲ್ಲಿ ಕಾಣದಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನನಗೆ ಇದೇ ಹೆಚ್ಚು ಮುಖ್ಯ ಅನಿಸುತ್ತದೆ.

ಹೌದು, ಜನವರಿ 25ರಂದು ನಿಫ್ಟಿ 8,600 ದಾಟಿತು. ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ 30,000ದ ಮೇಲೆ ಮುಗಿಯಿತು. ಅದಕ್ಕೆ ಒಂದು ಕಾರಣ ದುಡ್ಡಿನ ಹರಿವು. ಬ್ಯಾಂಕಿಗೆ ಬಂದ ಹಣಕ್ಕೆ ಬಡ್ಡಿ ಇಳಿಯಿತು, ಚಿನ್ನ ಮತ್ತು ಜಮೀನಿನ ಕಡೆ ಜನ ಹೆದರಿದರು, ಮ್ಯೂಚುವಲ್ ಫಂಡಿಗೆ ಬಂದರು. 2016–17ರಲ್ಲಿ ತಿಂಗಳ ಕಂತಿನ ಹೂಡಿಕೆ, ಅಂದರೆ ಎಸ್‌ಐಪಿ ಮೂಲಕ ಬಂದದ್ದು ಸುಮಾರು 44 ಸಾವಿರ ಕೋಟಿ, ಮರುವರ್ಷ 67 ಸಾವಿರ ಕೋಟಿ. ಇಷ್ಟು ಹಣ ಕೊಳ್ಳಲು ನಿಂತಾಗ ಬೆಲೆ ಏರುತ್ತದೆ.

ಆದರೆ ನಿಫ್ಟಿ ಅಂದರೆ ಐವತ್ತು ದೊಡ್ಡ ಕಂಪನಿಗಳು. ನಗದಿನ ಮೇಲೆ ನಿಂತಿದ್ದ ಬಹುಪಾಲು ಭಾರತ ಷೇರುಪೇಟೆಯಲ್ಲಿ ಇಲ್ಲವೇ ಇಲ್ಲ. ಮೊರಾದಾಬಾದಿನ ಹಿತ್ತಾಳೆ ಕೆಲಸದವರು, ತಿರುಪ್ಪೂರಿನ ಸಣ್ಣ ಗಾರ್ಮೆಂಟ್‌ನವರು, ನಿಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳು, ಚಿಕ್ಕಮಗಳೂರಿನ ತೋಟಗಳಲ್ಲಿ ವಾರದ ಬಟವಾಡೆಗೆ ಕಾಯುವ ಕಾಫಿ ಕುಯ್ಯುವವರು. ಇವರಿಗೆ ಷೇರು ಬೆಲೆ ಇಲ್ಲ. ಇವರ ನಷ್ಟಕ್ಕೆ ಸೂಚ್ಯಂಕವೂ ಇಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಗಲ್ಲಿಯ ಅಕ್ಕಸಾಲಿಗನ ಹತ್ತಿರ ಒಡವೆ ಮಾಡಿಸುತ್ತಿದ್ದವರು ಕಾರ್ಡ್ ತೆಗೆದುಕೊಳ್ಳುವ ದೊಡ್ಡ ಅಂಗಡಿಗೆ ಹೋದಾಗ ಅಕ್ಕಸಾಲಿಗನ ನಷ್ಟ ಲಿಸ್ಟೆಡ್ ಕಂಪನಿಯ ಲಾಭವಾಗುತ್ತದೆ. ಹೆಸರಿಲ್ಲದ ಎಣ್ಣೆ ಗಾಣ ಮುಚ್ಚಿದರೆ ಬ್ರಾಂಡೆಡ್ ಎಣ್ಣೆಯ ಮಾರಾಟ ಏರುತ್ತದೆ. ಅಂದರೆ ಷೇರು ಏರಿದ್ದರಲ್ಲಿ ಒಂದು ಪಾಲು ನೋಟು ರದ್ದತಿಯ ಹೊಡೆತದ ಇನ್ನೊಂದು ಮುಖವೇ ಆಗಿರಬಹುದು. ಷೇರುಪೇಟೆ ಸುಳ್ಳು ಹೇಳುತ್ತಿದೆ ಅಂತಲ್ಲ. ತನ್ನ ಪಟ್ಟಿಯಲ್ಲಿರುವವರ ಲೆಕ್ಕ ಮಾತ್ರ ಅದಕ್ಕೆ ಗೊತ್ತು.

ಗೆದ್ದವರಲ್ಲೂ ಕೆಲವರು ಪೇಟೆಯ ಹೊರಗಿದ್ದರು. ಪೇಟಿಎಂ, ಫೋನ್‌ಪೇ ಆಗ ಲಿಸ್ಟ್ ಆಗಿರಲಿಲ್ಲ. ಮೊಬೈಲಿನಲ್ಲಿ ಹಣ ಕಳಿಸುವ ಭೀಮ್ ಆ್ಯಪ್ ಬಂದದ್ದು ಡಿಸೆಂಬರ್ 30ಕ್ಕೆ. ಡಿಜಿಟಲ್ ಪಾವತಿಯ ಲಾಭವನ್ನು ನಿಫ್ಟಿಯಲ್ಲಿ ಹುಡುಕಿದರೆ ನಿಮಗೆ ಸಿಗುವುದಿಲ್ಲ.

ಹಾಗಾಗಿ ಪ್ರಾಜೆಕ್ಟಿನ ಶೀರ್ಷಿಕೆಯಲ್ಲೇ ‘ಲಿಸ್ಟೆಡ್ ಕಂಪನಿಗಳ ಮೇಲೆ’ ಅನ್ನುವ ಎರಡು ಮೂರು ಪದ ಸೇರಿಸಿ. ಹತ್ತು ವಲಯಗಳ ಬದಲು ನಾಲ್ಕು ಜೋಡಿ ಕಂಪನಿಗಳನ್ನು ತೆಗೆದುಕೊಂಡರೂ ಸಾಕು, ಪ್ರತಿ ಜೋಡಿಯಲ್ಲಿ ಒಂದು ನಗದಿಗೆ ಹತ್ತಿರ, ಇನ್ನೊಂದು ದೂರ. ಆಮೇಲೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ನಿಮ್ಮೂರಿನ ಮಂಡಕ್ಕಿ ಭಟ್ಟಿಯ ಕಡೆ ಹೋಗಿ ಬನ್ನಿ. ಆ ನವೆಂಬರ್‌ನಲ್ಲಿ ಬಟವಾಡೆ ಹೇಗೆ ಕೊಟ್ಟಿರಿ ಅಂತ ಕೇಳಿ. ನಂಜನಗೂಡಿನ ಮಾವನನ್ನು ನಾನು ಕೇಳಿದಾಗ ಅವರು ಆ ತಿಂಗಳ ಸಾಲದ ಪುಸ್ತಕವನ್ನೇ ಅಟ್ಟದಿಂದ ಇಳಿಸಿ ಕೈಗೆ ಕೊಟ್ಟರು. ಅದರಲ್ಲಿ ಹನ್ನೊಂದು ಹೆಸರುಗಳ ಮುಂದೆ ಇವತ್ತಿಗೂ ಗೆರೆ ಹೊಡೆದಿಲ್ಲ.